ಉತ್ತರಕ್ಕೋ, ದಕ್ಷಿಣಕ್ಕೋ: ಹೊನ್ನಾವರ ಕರಾವಳಿಯಲ್ಲಿ ಹೃದಯಾಘಾತದ ತುರ್ತುಚಿಕಿತ್ಸೆಯ ಚರಿತ್ರೆ

ಹೊನ್ನಾವರ ಪಟ್ಟಣದಿಂದ ಶರಾವತಿಯ ಸೇತುವೆ ದಾಟಿ ದಕ್ಷಿಣಕ್ಕೆ ಸಾಗಿದರೆ ಮೊದಲು ಕಾಸರಕೋಡು, ಅದರಾಚೆ ಅಪ್ಸರಕೊಂಡ. ಗುಡ್ಡದಿಂದ ಧುಮುಕುವ ಚಿಕ್ಕ ಜಲಪಾತ, ಉಮಾಮಹಾಗಣಪತಿಯ ಗುಡಿ, ಕಣ್ಣು ಹಾಯುವಷ್ಟು ದೂರ ಕಡಲು. ಪ್ರವಾಸಿಗರ ನೆನಪಿನಲ್ಲಿ ಈ ಊರು ಉಳಿದಿರುವುದು ಇವುಗಳಿಂದ. ಪ್ರಸ್ತುತ ಲೇಖನಕ್ಕೆ ಅದು ಬೇಕಾಗಿರುವುದು ಬೇರೊಂದು ಕಾರಣಕ್ಕೆ. ಈ ಊರಿನವರಿಗೆ ತಾಲ್ಲೂಕು ಆಸ್ಪತ್ರೆ ಇರುವುದು ಉತ್ತರಕ್ಕೆ, ನದಿಯ ಆಚೆ ದಡದಲ್ಲಿ. ಮುಚ್ಚಿಹೋದ ಹೃದಯದ ರಕ್ತನಾಳವನ್ನು ತಂತಿ ತೂರಿಸಿ ತೆರೆಯಬಲ್ಲ ದೊಡ್ಡ ಆಸ್ಪತ್ರೆಗಳ ಪೈಕಿ ಬಹುಕಾಲದಿಂದ ಅವರು ನಂಬಿಕೊಂಡು ಬಂದಿರುವ ಮಣಿಪಾಲ ಇರುವುದು ದಕ್ಷಿಣಕ್ಕೆ, ಸುಮಾರು ೧೨೦ ಕಿಲೋಮೀಟರ್ ದೂರದಲ್ಲಿ. ನಡುರಾತ್ರಿ ಎದೆನೋವೆಂದು ಕುಸಿದವರನ್ನು ವಾಹನಕ್ಕೆ ಹತ್ತಿಸಿದ ಮೇಲೆ ಅದನ್ನು ಯಾವ ದಿಕ್ಕಿಗೆ ತಿರುಗಿಸಬೇಕು? ಮೇಲ್ನೋಟಕ್ಕೆ ಇದು ದಾರಿಯ ಪ್ರಶ್ನೆ. ಕಳೆದ ನಾಲ್ಕು ದಶಕಗಳ ಹೃದಯ ವೈದ್ಯಶಾಸ್ತ್ರದ ಚರಿತ್ರೆಯೆಲ್ಲ ಈ ಪ್ರಶ್ನೆಯ ಹಿಂದೆ ನಿಂತಿದೆ ಎಂಬುದನ್ನು ತೋರಿಸುವುದು ಇಲ್ಲಿನ ಉದ್ದೇಶ.

ದೂರವು ರೋಗಕಾರಣವಾದ ಬಗೆ

ಹೃದಯಾಘಾತವನ್ನು ಬದುಕಿರುವಾಗಲೇ ಗುರುತಿಸಬಹುದಾದ ಒಂದು ಕಾಯಿಲೆಯೆಂದು ಅಮೆರಿಕದ ಜೇಮ್ಸ್ ಹೆರಿಕ್ ವಿವರಿಸಿದ್ದು ೧೯೧೨ರಲ್ಲಿ. ಅದಕ್ಕೆ ಸುಮಾರು ಒಂದು ದಶಕ ಮೊದಲು ಹಾಲೆಂಡಿನ ವಿಲೆಮ್ ಐಂಥೋವೆನ್ ಹೃದಯದ ವಿದ್ಯುತ್ ಚಲನೆಯನ್ನು ದಾಖಲಿಸುವ ಉಪಕರಣವನ್ನು ರೂಪಿಸಿದ್ದನು. ಆ ಕೆಲಸಕ್ಕಾಗಿ ೧೯೨೪ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಸಂದಿತು. ರೋಗನಿದಾನಕ್ಕೆ ದಾರಿ ಸಿಕ್ಕಿತಾದರೂ ಚಿಕಿತ್ಸೆ ಮಾತ್ರ ಬಹುಕಾಲ ಹಾಸಿಗೆಯ ವಿಶ್ರಾಂತಿ, ಮಾರ್ಫೀನು, ಆಮ್ಲಜನಕ ಇವುಗಳನ್ನು ಮೀರಲಿಲ್ಲ. ವಾರಗಟ್ಟಲೆ ಅಲುಗಾಡದೆ ಮಲಗಿರಬೇಕೆಂಬುದೇ ಅಂದಿನ ಶಾಸ್ತ್ರ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಕಾಲದಲ್ಲಿ ಲಂಡನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಮಲಗಿದ ರೋಗಿಗೂ ಕರಾವಳಿಯ ತನ್ನ ಮನೆಯ ಜಗುಲಿಯಲ್ಲಿ ಮಲಗಿದ ರೋಗಿಗೂ ದೊರಕುತ್ತಿದ್ದ ಉಪಚಾರದಲ್ಲಿ, ಪ್ರಾಣದ ಮಟ್ಟಿಗೆ ಹೇಳುವುದಾದರೆ, ಅಗಾಧವಾದ ಅಂತರವಿರಲಿಲ್ಲ. ಆಸ್ಪತ್ರೆ ದೂರವಿದ್ದುದರಿಂದ ಕಳೆದುಕೊಳ್ಳುತ್ತಿದ್ದುದು ಅಲ್ಪ.

೧೯೬೦ರ ದಶಕ ಈ ಸ್ಥಿತಿಯನ್ನು ಅರ್ಧದಷ್ಟು ಬದಲಿಸಿತು. ನಿಂತ ಹೃದಯವನ್ನು ಎದೆಯನ್ನು ಕೊಯ್ಯದೆ ಹೊರಗಿನಿಂದ ಒತ್ತಿ ನಡೆಸಬಹುದೆಂದು ಕೌವೆನ್‌ಹೋವೆನ್ ಮತ್ತು ಅವನ ಸಂಗಡಿಗರು ೧೯೬೦ರಲ್ಲಿ ಪ್ರಕಟಿಸಿದರು. ಲಯತಪ್ಪಿದ ಹೃದಯಕ್ಕೆ ವಿದ್ಯುದಾಘಾತ ನೀಡುವ ಡಿಫಿಬ್ರಿಲೇಟರ್ ಯಂತ್ರಗಳು ಬಂದವು. ಅವುಗಳ ಸುತ್ತ ಹೃದಯ ತೀವ್ರನಿಗಾ ಘಟಕಗಳು ಹುಟ್ಟಿಕೊಂಡವು. ಬೆಲ್‌ಫಾಸ್ಟ್ ನಗರದಲ್ಲಿ ಫ್ರಾಂಕ್ ಪ್ಯಾಂಟ್ರಿಜ್ ೧೯೬೬ರಲ್ಲಿ ಡಿಫಿಬ್ರಿಲೇಟರನ್ನು ಆಂಬುಲೆನ್ಸಿನೊಳಗಿಟ್ಟು ರೋಗಿಯ ಮನೆಬಾಗಿಲಿಗೇ ಕಳುಹಿಸಿದನು. ಹೆಚ್ಚಿನವರು ಸಾಯುವುದು ಆಸ್ಪತ್ರೆ ಮುಟ್ಟುವ ಮೊದಲೇ; ಆದ್ದರಿಂದ ಆಸ್ಪತ್ರೆಯೇ ರೋಗಿಯತ್ತ ಹೋಗಬೇಕು ಎಂಬುದು ಅವನ ವಾದ. ಅರವತ್ತು ವರ್ಷಗಳ ಹಿಂದಿನ ಈ ಮಾತು ನಮ್ಮ ಜಿಲ್ಲೆಗೆ ಇಂದಿಗೂ ಹಳತಾಗಿಲ್ಲ.

ನಿಜವಾದ ತಿರುವು ಬಂದದ್ದು ೧೯೮೦ರ ದಶಕದಲ್ಲಿ. ಕರೋನರಿ ಅಪಧಮನಿಯೊಳಗೆ ರಕ್ತದ ಗರಣೆ ಕಟ್ಟಿ ಹರಿವು ನಿಂತಾಗ ಹೃದಯಸ್ನಾಯು ಒಮ್ಮೆಗೇ ಸಾಯುವುದಿಲ್ಲ. ಮೊದಲ ಅರ್ಧ ಗಂಟೆಯ ಹೊತ್ತಿಗೆ ಒಳಪದರದಲ್ಲಿ ಆರಂಭವಾಗುವ ನಾಶವು ಅಲೆಯಂತೆ ಹೊರಪದರದತ್ತ ಸರಿಯುತ್ತ, ಸುಮಾರು ಆರು ಗಂಟೆಗಳಲ್ಲಿ ಆ ಭಾಗವನ್ನು ಬಹುಪಾಲು ಮುಗಿಸುತ್ತದೆ. ಆ ಅವಧಿಯೊಳಗೆ ಗರಣೆಯನ್ನು ಕರಗಿಸಿದರೆ ಸ್ನಾಯು ಉಳಿಯುತ್ತದೆ. ಇಟಲಿಯಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು ೧೯೮೬ರಲ್ಲಿ ಪ್ರಕಟವಾದ ಜಿಸ್ಸಿ ಅಧ್ಯಯನವು ಸ್ಟ್ರೆಪ್ಟೊಕೈನೇಸ್ ಎಂಬ ಔಷಧದಿಂದ ಇದು ಸಾಧ್ಯವೆಂದು ತೋರಿಸಿತು. ನೋವು ಆರಂಭವಾದ ಒಂದು ಗಂಟೆಯೊಳಗೆ ಔಷಧ ಪಡೆದವರಲ್ಲಿ ಸಾವಿನ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ೧೯೮೮ರ ಐಸಿಸ್-೨ ಅಧ್ಯಯನದಲ್ಲಿ ೧೭,೧೮೭ ರೋಗಿಗಳಿದ್ದರು. ಸ್ಟ್ರೆಪ್ಟೊಕೈನೇಸ್ ಮತ್ತು ಆಸ್ಪಿರಿನ್ ಎರಡನ್ನೂ ಪಡೆದವರಲ್ಲಿ ಐದು ವಾರಗಳೊಳಗಿನ ಸಾವು ಶೇಕಡಾ ೮ರಷ್ಟಿದ್ದರೆ, ಎರಡನ್ನೂ ಪಡೆಯದವರಲ್ಲಿ ಶೇಕಡಾ ೧೩.೨ರಷ್ಟಿತ್ತು. ಕೆಲವೇ ಪೈಸೆಗಳ ಆಸ್ಪಿರಿನ್ ಗುಳಿಗೆಯೊಂದೇ ಐದರಲ್ಲೊಂದು ಭಾಗಕ್ಕಿಂತ ಹೆಚ್ಚು ಸಾವುಗಳನ್ನು ತಡೆದಿತ್ತು.

ಈ ಆವಿಷ್ಕಾರಗಳ ಸಂತೋಷದಲ್ಲಿ ಅವುಗಳ ಇನ್ನೊಂದು ಪರಿಣಾಮವನ್ನು ಚರಿತ್ರೆಕಾರರು ಸಾಕಷ್ಟು ಗಮನಿಸಿದಂತಿಲ್ಲ. ಗಡಿಯಾರಕ್ಕೆ ಬೆಲೆ ಬಂದ ದಿನದಿಂದ ದೂರಕ್ಕೂ ಬೆಲೆ ಬಂತು. ಅದುವರೆಗೆ ಕೇವಲ ಅನಾನುಕೂಲವಾಗಿದ್ದ ನದಿ, ಘಟ್ಟ, ಮಳೆಗಾಲದ ರಸ್ತೆಗಳು ಇಲ್ಲಿಂದ ಮುಂದೆ ಸಾವಿನ ಕಾರಣಗಳ ಪಟ್ಟಿಗೆ ಸೇರಿದವು. ಔಷಧ ಇರುವ ಊರಿಗೂ ಇಲ್ಲದ ಊರಿಗೂ ನಡುವೆ ಬಿರುಕು ಮೂಡಿದ್ದು ಚಿಕಿತ್ಸೆ ಇಲ್ಲದಿದ್ದ ಕಾಲದಲ್ಲಲ್ಲ, ಚಿಕಿತ್ಸೆ ಬಂದ ಮೇಲೆ.

ಗಡಿಗಳು ಉಳಿಸಿಹೋದ ನಕ್ಷೆ

ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ ೧೦,೨೯೧ ಚದರ ಕಿಲೋಮೀಟರ್. ೨೦೧೧ರ ಜನಗಣತಿಯಂತೆ ಜನಸಂಖ್ಯೆ ೧೪.೩೭ ಲಕ್ಷ. ಬಹುಭಾಗ ಕಾಡು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಕರಾವಳಿಯ ಪಟ್ಟಿಯನ್ನು ತುಂಡುತುಂಡಾಗಿ ಕಡಿದಿವೆ. ಸೇತುವೆಗಳು ಬರುವ ಮೊದಲು ಈ ನದಿಮುಖಗಳಲ್ಲಿ ತಾರಿಯ ದೋಣಿಗಳೇ ಗತಿಯಾಗಿದ್ದವು. ಹೆರಿಗೆಯ ನೋವಿನವರೂ ಹಾವು ಕಚ್ಚಿದವರೂ ದೋಣಿ ಬರುವವರೆಗೆ ದಡದಲ್ಲಿ ಕಾಯಬೇಕಿತ್ತು.

ಭೂಗೋಳದಷ್ಟೇ ಆಡಳಿತದ ಚರಿತ್ರೆಯೂ ಇಲ್ಲಿ ಮುಖ್ಯ. ೧೭೯೯ರಲ್ಲಿ ಕಂಪನಿ ಸರ್ಕಾರದ ಕೈಸೇರಿದ ಕೆನರಾ ಪ್ರದೇಶವು ಮದರಾಸು ಪ್ರಾಂತದಲ್ಲಿತ್ತು. ೧೮೬೨ರಲ್ಲಿ ಅದರ ಉತ್ತರಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣಭಾಗ ಮದರಾಸಿನಲ್ಲೇ ಉಳಿಯಿತು. ಭಟ್ಕಳಕ್ಕೂ ಬೈಂದೂರಿಗೂ ನಡುವೆ ಎಳೆದ ಆ ಗೆರೆ ೧೯೫೬ರವರೆಗೆ ಎರಡು ಪ್ರಾಂತಗಳ ಗಡಿಯಾಗಿತ್ತು. ಗೆರೆಯ ದಕ್ಷಿಣದಲ್ಲಿ ವೈದ್ಯಕೀಯ ಸಂಸ್ಥೆಗಳು ಒಂದರ ಹಿಂದೊಂದು ಬೆಳೆದವು: ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ೧೮೪೮ರದು, ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆ ೧೮೮೦ರದು, ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಟ್ಟಿದ ಕಸ್ತೂರಬಾ ವೈದ್ಯಕೀಯ ಕಾಲೇಜು ೧೯೫೩ರದು. ಗೆರೆಯ ಉತ್ತರಕ್ಕಿದ್ದ ಜಿಲ್ಲೆ ಮುಖಮಾಡಿದ್ದು ಧಾರವಾಡ, ಬೆಳಗಾವಿ, ಮುಂಬಯಿಗಳ ಕಡೆಗೆ. ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಕಾಗದದ ಮೇಲಿನ ದಾರಿ ಘಟ್ಟ ಹತ್ತಿ ಅಲ್ಲಿಗೆ ಹೋಯಿತು. ಇಂದಿಗೂ ಜಿಲ್ಲೆ ಇರುವುದು ಬೆಳಗಾವಿ ವಿಭಾಗದಲ್ಲಿ. ರೋಗಿಗಳ ದಾರಿ ಮಾತ್ರ ಕಾಗದವನ್ನು ಕೇಳಲಿಲ್ಲ. ಅರಬೈಲು ಅಥವಾ ದೇವಿಮನೆ ಘಟ್ಟವನ್ನು ಉಸಿರುಗಟ್ಟಿದ ರೋಗಿಯೊಂದಿಗೆ ಹತ್ತುವುದಕ್ಕಿಂತ ಸಮತಟ್ಟಾದ ಕರಾವಳಿ ರಸ್ತೆಯಲ್ಲಿ ದಕ್ಷಿಣಕ್ಕೆ ಹೋಗುವುದನ್ನೇ ಹೊನ್ನಾವರ, ಭಟ್ಕಳದವರು ಆರಿಸಿಕೊಂಡರು. ಕಾರವಾರದವರಿಗೆ ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜು ಹತ್ತಿರವಾಯಿತು. ಕಾರವಾರದಲ್ಲೇ ಸರ್ಕಾರಿ ವೈದ್ಯಕೀಯ ಸಂಸ್ಥೆ ಬಂದದ್ದು ೨೦೧೬ರಲ್ಲಿ.

ಹೀಗೆ ಜಿಲ್ಲೆಯ ರೋಗಿಗಳು ತಲೆಮಾರುಗಳಿಂದ ಬೇರೆಯವರ ಗಡಿಯೊಳಗಿನ ಆಸ್ಪತ್ರೆಗಳನ್ನೇ ತಮ್ಮದೆಂದುಕೊಂಡವರು. ಗಡಿಗಳು ತಮ್ಮ ಇರವನ್ನು ನೆನಪಿಸುವುದು ಕೆಟ್ಟ ಗಳಿಗೆಯಲ್ಲಿ. ೨೦೧೮ರ ಜನವರಿಯಿಂದ ಗೋವಾ ವೈದ್ಯಕೀಯ ಕಾಲೇಜು ಹೊರರಾಜ್ಯದ ರೋಗಿಗಳಿಗೆ ಶುಲ್ಕ ವಿಧಿಸತೊಡಗಿದಾಗ ಕಾರವಾರದವರೂ ಸಿಂಧುದುರ್ಗದವರೂ ಇದನ್ನು ಅನುಭವಿಸಿದರು. ೨೦೨೦ರ ಮಾರ್ಚ್ ಅಂತ್ಯದಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಂಬುಲೆನ್ಸಿನಲ್ಲೇ ಹಿಂದಿರುಗಬೇಕಾಯಿತು; ಕೆಲವರು ಪ್ರಾಣ ಕಳೆದುಕೊಂಡರು. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಏಪ್ರಿಲ್ ಮೊದಲ ವಾರದಲ್ಲಿ ತುರ್ತು ರೋಗಿಗಳಿಗೆ ದಾರಿ ತೆರೆಯಿತು. ಕಾಸರಗೋಡಿಗೆ ಮಂಗಳೂರು ಹೇಗೋ ಹೊನ್ನಾವರಕ್ಕೆ ಮಣಿಪಾಲ ಹಾಗೆ. ನಡುವೆ ರಾಜ್ಯದ ಗಡಿ ಇಲ್ಲದಿರುವುದು ೧೯೫೬ರ ಪುಣ್ಯ.

ಶಸ್ತ್ರಕ್ರಿಯೆಗೆ ಹಣ, ಮೊದಲ ಗಂಟೆಗೆ ಮೌನ

ಕರ್ನಾಟಕದಲ್ಲಿ ಹೃದಯ ಚಿಕಿತ್ಸೆಯ ಸಾರ್ವಜನಿಕ ವ್ಯವಸ್ಥೆ ಸಾಕಷ್ಟು ಹೆಮ್ಮೆಪಡುವಂಥದು. ೧೯೭೦ರ ದಶಕದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೊಳೆತ ಜಯದೇವ ಹೃದ್ರೋಗ ಸಂಸ್ಥೆ ಬೃಹದಾಕಾರವಾಗಿ ಬೆಳೆದು ಮೈಸೂರು, ಕಲಬುರಗಿಗಳಲ್ಲೂ ಶಾಖೆ ತೆರೆಯಿತು. ಡಾ. ದೇವಿ ಶೆಟ್ಟಿ ಅವರ ನಾರಾಯಣ ಹೃದಯಾಲಯವು ೨೦೦೨ರಲ್ಲಿ ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳೊಂದಿಗೆ ಸಂಪರ್ಕ ಏರ್ಪಡಿಸಿಕೊಂಡಿತು. ತಜ್ಞನು ಬೆಂಗಳೂರಿನಲ್ಲಿ, ರೋಗಿಯು ಕಾಡಂಚಿನಲ್ಲಿ. ಸಹಕಾರಿ ರೈತರಿಗಾಗಿ ೨೦೦೩ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ, ೨೦೧೦ರ ವಾಜಪೇಯಿ ಆರೋಗ್ಯಶ್ರೀ, ೨೦೧೮ರ ಆರೋಗ್ಯ ಕರ್ನಾಟಕ ಇವೆಲ್ಲವೂ ಬಡವರ ಎದೆಯ ಶಸ್ತ್ರಕ್ರಿಯೆಗೆ ಹಣ ಕೊಟ್ಟವು. ಸಾವಿರಾರು ಕುಟುಂಬಗಳು ಸಾಲದ ಶೂಲದಿಂದ ಪಾರಾದವು.

ಆದರೆ ಈ ಯೋಜನೆಗಳೆಲ್ಲ ಬಹುಮಟ್ಟಿಗೆ ದೊಡ್ಡ ಆಸ್ಪತ್ರೆಯ ಬಾಗಿಲನ್ನು ಜೀವಸಹಿತ ಮುಟ್ಟಿದವರಿಗಾಗಿ ಇದ್ದವು. ನೋವು ಬಂದ ಕ್ಷಣಕ್ಕೂ ಆ ಬಾಗಿಲಿಗೂ ನಡುವಿನ ಗಂಟೆಗಳ ಕುರಿತು ಅವು ಮೌನವಾಗಿದ್ದವು. ಆ ಗಂಟೆಗಳು ಎಷ್ಟೆಂಬುದನ್ನು ಅಳೆದವರು ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಕ್ಸೇವಿಯರ್, ಡಾ. ಪ್ರೇಮ್ ಪೈಸ್ ಮತ್ತವರ ಸಹೋದ್ಯೋಗಿಗಳು. ಭಾರತದ ೫೦ ನಗರಗಳ ೮೯ ಆಸ್ಪತ್ರೆಗಳಿಂದ ೨೦,೪೬೮ ರೋಗಿಗಳ ವಿವರ ಕಲೆಹಾಕಿದ ಅವರ 'ಕ್ರಿಯೇಟ್' ದಾಖಲೆ ೨೦೦೮ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನೋವು ಆರಂಭವಾದಾಗಿನಿಂದ ಆಸ್ಪತ್ರೆ ತಲುಪುವವರೆಗಿನ ಮಧ್ಯಾಂಕ ಅವಧಿ ೩೬೦ ನಿಮಿಷ. ಸ್ನಾಯುನಾಶದ ಅಲೆ ಒಳಗಿನಿಂದ ಹೊರಕ್ಕೆ ಸರಿದು ಮುಗಿಯಲು ಬೇಕಾದ ಆರು ಗಂಟೆಗಳೂ ಇದೇ ಎಂಬುದನ್ನು ಓದುಗರು ನೆನಪಿಸಿಕೊಳ್ಳಬೇಕು. ಆಸ್ಪತ್ರೆ ಸೇರಿದ ಮೇಲೆ ಔಷಧಕ್ಕೆ ಹಿಡಿಯುತ್ತಿದ್ದುದು ಇನ್ನೂ ೫೦ ನಿಮಿಷ. ಬಡವರಲ್ಲಿ ತಿಂಗಳೊಳಗಿನ ಸಾವು ಶೇಕಡಾ ೮.೨, ಶ್ರೀಮಂತರಲ್ಲಿ ೫.೫. ಇದು ನಗರಗಳ ಲೆಕ್ಕ. ನದಿಯಾಚೆಯ ಊರುಗಳ ಲೆಕ್ಕ ಇದಕ್ಕಿಂತ ಹಗುರವಾಗಿರಲಾರದು.

ಅದೇ ೨೦೦೮ರ ನವೆಂಬರ್ ೧ರಂದು 'ಆರೋಗ್ಯ ಕವಚ' ಹೆಸರಿನಲ್ಲಿ ೧೦೮ ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ ಆರಂಭವಾಯಿತು. ಮರುವರ್ಷ ಭಾರತೀಯ ವೈದ್ಯಕೀಯ ಪರಿಷತ್ತು ತುರ್ತುಚಿಕಿತ್ಸೆಯನ್ನು ಪ್ರತ್ಯೇಕ ಸ್ನಾತಕೋತ್ತರ ವಿಷಯವೆಂದು ಅಂಗೀಕರಿಸಿತು. ಅಪಘಾತ ವಿಭಾಗವೆಂದರೆ ಹೊಸದಾಗಿ ಸೇರಿದ ಕಿರಿಯ ವೈದ್ಯರ ಪಾಳಿ ಎಂಬ ಹಳೆಯ ಭಾವನೆ ಅಲ್ಲಿಂದ ಮುಂದೆ ನಿಧಾನವಾಗಿ ಕರಗತೊಡಗಿತು.

ತಂತಿಯೋ ಸೂಜಿಯೋ

ಈ ನಡುವೆ ಶಾಸ್ತ್ರ ಇನ್ನೊಂದು ಮಗ್ಗುಲಿಗೆ ಹೊರಳಿತ್ತು. ೧೯೭೭ರಲ್ಲಿ ಜೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಆರಂಭಿಸಿದ ಬಲೂನಿನ ಆಂಜಿಯೋಪ್ಲಾಸ್ಟಿ, ಮುಂದೆ ಸ್ಟೆಂಟುಗಳ ನೆರವಿನಿಂದ, ಹೃದಯಾಘಾತದ ನಡುವೆಯೇ ಮಾಡಬಹುದಾದ ಚಿಕಿತ್ಸೆಯಾಯಿತು. ಗರಣೆಯನ್ನು ಔಷಧದಿಂದ ಕರಗಿಸುವುದಕ್ಕಿಂತ ತಂತಿ ತೂರಿಸಿ ತೆರೆಯುವುದೇ ಮೇಲೆಂದು ೨೦೦೩ರಲ್ಲಿ ಇಪ್ಪತ್ಮೂರು ಪ್ರಯೋಗಗಳ ಒಟ್ಟು ಪರಿಶೀಲನೆ ಸಾರಿತು. ಅದೇ ವರ್ಷ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವು ಎರಡು ಗಂಟೆಯೊಳಗೆ ಸಾಗಿಸಬಹುದಾದರೆ ರೋಗಿಯನ್ನು ದೂರದ ಕ್ಯಾಥ್ ಲ್ಯಾಬಿಗೆ ಒಯ್ಯುವುದೇ ಲೇಸೆಂದಿತು. ವಾಕ್ಯದ ಉತ್ತರಾರ್ಧವನ್ನು ಎಲ್ಲರೂ ನೆನಪಿಟ್ಟುಕೊಂಡರು. 'ಎರಡು ಗಂಟೆಯೊಳಗೆ' ಎಂಬ ಪೂರ್ವಾರ್ಧವನ್ನು ಮರೆತರು. ನನ್ನ ಅಭಿಪ್ರಾಯದಲ್ಲಿ ನಮ್ಮ ಸಣ್ಣ ಊರುಗಳಿಗೆ ಈ ಮರೆವು ದುಬಾರಿಯಾಗಿ ಪರಿಣಮಿಸಿತು. ಕೈಯಲ್ಲಿದ್ದ ಸೂಜಿಮದ್ದನ್ನು ಬದಿಗಿಟ್ಟು 'ಮಣಿಪಾಲಕ್ಕೆ ಒಯ್ಯಿರಿ' ಎಂದು ಚೀಟಿ ಬರೆಯುವುದೇ ಶ್ರೇಷ್ಠ ಚಿಕಿತ್ಸೆಯೆಂಬ ತಿಳಿವಳಿಕೆ ಬೆಳೆಯಿತು. ಸಮತಟ್ಟಾದ, ಪುಟ್ಟ, ಶ್ರೀಮಂತ ಡೆನ್ಮಾರ್ಕಿನ ಪಾಠವನ್ನು ಆಷಾಢದ ಮಳೆಯ ಕರಾವಳಿ ರಸ್ತೆಗೆ ಹಾಗೆಯೇ ಅನ್ವಯಿಸಿದಂತಾಯಿತು.

ತಿದ್ದುಪಡಿ ಬಂದದ್ದು ಹತ್ತು ವರ್ಷಗಳ ನಂತರ. ನೋವು ಬಂದ ಮೂರು ಗಂಟೆಯೊಳಗೆ ಬಂದು, ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ದೊರೆಯಲಾರದ ೧,೮೯೨ ರೋಗಿಗಳನ್ನು ಸ್ಟ್ರೀಮ್ ಅಧ್ಯಯನ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಮೊದಲು ಟೆನೆಕ್ಟೆಪ್ಲೇಸ್ ಚುಚ್ಚುಮದ್ದು, ಅನಂತರ ಆಂಜಿಯೋಗ್ರಾಮ್. ಇನ್ನೊಂದು ಗುಂಪಿಗೆ ನೇರವಾಗಿ ಆಂಜಿಯೋಪ್ಲಾಸ್ಟಿ. ೨೦೧೩ರ ಫಲಿತಾಂಶದಲ್ಲಿ ಸಾವು, ಆಘಾತ, ಹೃದಯವೈಫಲ್ಯ, ಮರುಹೃದಯಾಘಾತಗಳ ಒಟ್ಟು ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ ೧೨.೪, ಎರಡನೆಯದರಲ್ಲಿ ೧೪.೩; ಎಂದರೆ ಸೂಜಿಯ ದಾರಿ ತಂತಿಯ ದಾರಿಗೆ ಸರಿಸಮಾನವಾಗಿತ್ತು. ಮಿದುಳಿನ ರಕ್ತಸ್ರಾವ ಸೂಜಿಯ ಗುಂಪಿನಲ್ಲಿ ಹೆಚ್ಚಿತ್ತೆಂಬುದನ್ನೂ ಹೇಳಲೇಬೇಕು. ಎಪ್ಪತ್ತೈದು ಮೀರಿದವರಿಗೆ ಅರ್ಧ ಪ್ರಮಾಣ ಸಾಕೆಂಬ ನಿಯಮ ಹುಟ್ಟಿದ್ದು ಈ ಅನುಭವದಿಂದಲೇ.

ಟೆನೆಕ್ಟೆಪ್ಲೇಸ್ ನಮ್ಮಂಥ ಕಡೆಗಳಿಗೆ ಒಗ್ಗಿದ್ದಕ್ಕೆ ಅದರ ಸ್ವಭಾವವೇ ಕಾರಣ. ಸ್ಟ್ರೆಪ್ಟೊಕೈನೇಸ್ ಆದರೆ ಹದಿನೈದು ಲಕ್ಷ ಯೂನಿಟ್ಟುಗಳನ್ನು ಸುಮಾರು ಒಂದು ಗಂಟೆ ಹನಿಹನಿಯಾಗಿ ಹಾಯಿಸುತ್ತ, ರಕ್ತದೊತ್ತಡ ಕುಸಿಯದಂತೆ ಕಾಯುತ್ತ ಕೂರಬೇಕು. ಟೆನೆಕ್ಟೆಪ್ಲೇಸನ್ನು ರೋಗಿಯ ತೂಕಕ್ಕೆ ತಕ್ಕಂತೆ ಒಂದೇ ಬಾರಿಗೆ, ಕೆಲವು ಸೆಕೆಂಡುಗಳಲ್ಲಿ ಚುಚ್ಚಿ ಮುಗಿಸಬಹುದು. ಹಿಂದಿನ ಮಿದುಳಿನ ರಕ್ತಸ್ರಾವ, ಇತ್ತೀಚಿನ ದೊಡ್ಡ ಶಸ್ತ್ರಕ್ರಿಯೆ, ಹತೋಟಿಗೆ ಬಾರದ ರಕ್ತದೊತ್ತಡ, ಮಹಾಧಮನಿಯ ಸೀಳಿಕೆಯ ಶಂಕೆ ಇವುಗಳನ್ನು ಕೇಳಿ ತಿಳಿದುಕೊಂಡ ಮೇಲೆ, ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಎನೊಕ್ಸಪರಿನ್‌ಗಳ ಜೊತೆಗೆ ತಾಲ್ಲೂಕು ಆಸ್ಪತ್ರೆಯ ವೈದ್ಯರು ಇದನ್ನು ಕೊಡಬಲ್ಲರು. ಮೊದಲ ಇ.ಸಿ.ಜಿ.ಯಿಂದ ತಂತಿ ದಾಟಿಸುವವರೆಗೆ ೧೨೦ ನಿಮಿಷ ಮೀರುವುದಾದರೆ ಔಷಧವನ್ನೇ ಕೊಡಬೇಕು, ಅದನ್ನೂ ರೋಗನಿದಾನವಾದ ಹತ್ತು ನಿಮಿಷದೊಳಗೆ ಕೊಡಬೇಕು ಎಂಬುದು ಯುರೋಪಿನ ಹೃದ್ರೋಗ ಸಂಘದ ೨೦೧೭ರ ಮತ್ತು ೨೦೨೩ರ ಮಾರ್ಗಸೂಚಿಗಳ ಮಾತು. ಮದ್ದು ಕೊಟ್ಟೊಡನೆ ಕೆಲಸ ಮುಗಿಯುವುದಿಲ್ಲ. ರೋಗಿಯನ್ನು ಕೂಡಲೇ ದೊಡ್ಡ ಆಸ್ಪತ್ರೆಯತ್ತ ಕಳುಹಿಸಬೇಕು. ೬೦ರಿಂದ ೯೦ ನಿಮಿಷಗಳ ಮೇಲೆ ತೆಗೆದ ಇ.ಸಿ.ಜಿ.ಯಲ್ಲಿ ಎಸ್‌ಟಿ ಏರಿಕೆ ಅರ್ಧದಷ್ಟೂ ಇಳಿದಿರದಿದ್ದರೆ ತಡಮಾಡದೆ ಆಂಜಿಯೋಪ್ಲಾಸ್ಟಿ, ಇಳಿದಿದ್ದರೆ ಎರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಆಂಜಿಯೋಗ್ರಾಮ್.

ಅಪ್ಸರಕೊಂಡದ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೊದಲು ಉತ್ತರಕ್ಕೆ, ಸೇತುವೆ ದಾಟಿ, ಇ.ಸಿ.ಜಿ. ಮತ್ತು ಸೂಜಿಮದ್ದು ಇರುವಲ್ಲಿಗೆ, ಆಮೇಲೆ ದಕ್ಷಿಣಕ್ಕೆ. ಹಿಂದಕ್ಕೆ ಹೋದಂತೆ ತೋರುವ ಆ ಏಳೆಂಟು ಕಿಲೋಮೀಟರುಗಳೇ ರೋಗಿಯನ್ನು ಮುಂದಕ್ಕೆ ಒಯ್ಯುವಂಥವು. ಮುಂದಿನ ಎರಡು ಗಂಟೆಯ ಪ್ರಯಾಣದಲ್ಲಿ ಔಷಧ ತನ್ನ ಕೆಲಸ ಮಾಡುತ್ತಿರುತ್ತದೆ.

ಹಳೆಯ ವಾಡಿಕೆಗಳು ಕೆಲವು ಇದೇ ಅವಧಿಯಲ್ಲಿ ಕಳಚಿಬಿದ್ದವು. ಎದೆನೋವೆಂದರೆ ಮೂಗಿಗೆ ಆಮ್ಲಜನಕದ ಕೊಳವೆ ಎಂಬ ನೂರು ವರ್ಷದ ಅಭ್ಯಾಸವನ್ನು ಸ್ವೀಡನ್ನಿನ ೬,೬೨೯ ರೋಗಿಗಳ ಅಧ್ಯಯನ ೨೦೧೭ರಲ್ಲಿ ಪ್ರಶ್ನಿಸಿತು; ರಕ್ತದಲ್ಲಿ ಆಮ್ಲಜನಕ ಸಾಕಷ್ಟಿರುವವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಸಂದೇಹದ ಎದೆನೋವನ್ನು ಒಂದೆರಡು ಗಂಟೆಗಳಲ್ಲಿ ಬಗೆಹರಿಸುವ ಸೂಕ್ಷ್ಮ ಟ್ರೊಪೋನಿನ್ ಪರೀಕ್ಷೆಗಳು ಬಂದವು. ಆದರೆ ಇ.ಸಿ.ಜಿ.ಯಲ್ಲಿ ಎಸ್‌ಟಿ ಏರಿಕೆ ಸ್ಪಷ್ಟವಿರುವಾಗ ಟ್ರೊಪೋನಿನ್ ವರದಿಗಾಗಿ ಕಾಯುವುದು ತಪ್ಪು.

ಜಾಲ ನೇಯ್ದವರು

ಈ ತಿಳಿವಳಿಕೆಯನ್ನು ವ್ಯವಸ್ಥೆಯಾಗಿ ಮಾಡಿದ ಮೊದಲಿಗರಲ್ಲಿ ಕೊಯಮತ್ತೂರಿನ ಡಾ. ಥಾಮಸ್ ಅಲೆಕ್ಸಾಂಡರ್ ಪ್ರಮುಖರು. ನಡುವೆ ಕ್ಯಾಥ್ ಲ್ಯಾಬ್ ಇರುವ ಒಂದು ಆಸ್ಪತ್ರೆ, ಸುತ್ತ ಚಕ್ರದ ಅರಗಳಂತೆ ಸಣ್ಣ ಆಸ್ಪತ್ರೆಗಳು ಎಂಬ ಮಾದರಿಯನ್ನು ಅವರ ತಂಡ ತಮಿಳುನಾಡಿನ ನಾಲ್ಕು ಕಡೆ ಪರೀಕ್ಷಿಸಿತು. ೨,೪೨೦ ರೋಗಿಗಳ ಈ ಅಧ್ಯಯನ ೨೦೧೭ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗಿನ ಸಾವು ಶೇಕಡಾ ೧೭.೬ರಿಂದ ೧೪.೨ಕ್ಕೆ ಇಳಿದಿತ್ತು. ಹೊಸ ಔಷಧವೇನೂ ಇಲ್ಲದೆ, ಇದ್ದುದನ್ನೇ ಜೋಡಿಸಿದ್ದರಿಂದ ಸಿಕ್ಕ ಲಾಭವಿದು.

ನಮ್ಮ ಕರಾವಳಿಯಲ್ಲಿ ಇದೇ ಕೆಲಸ ಆರಂಭವಾದದ್ದು ಸರ್ಕಾರದ ಆದೇಶದಿಂದಲ್ಲ. ಮಂಗಳೂರಿನ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ೨೦೧೮ರಲ್ಲಿ 'ಮನೆಬಾಗಿಲಿಗೆ ಹೃದ್ರೋಗಶಾಸ್ತ್ರ' ಎಂಬ ಅರ್ಥದ ಹೆಸರಿಟ್ಟು ಒಂದು ಉಪಕ್ರಮವನ್ನು ತೊಡಗಿದರು. ಕರಾವಳಿ ಮತ್ತು ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ದಾನಿಗಳ ನೆರವಿನಿಂದ ಇ.ಸಿ.ಜಿ. ಯಂತ್ರ ಕೊಡುವುದು, ಅಲ್ಲಿನ ವೈದ್ಯರನ್ನು ವಾಟ್ಸಾಪ್ ಬಳಗಗಳಲ್ಲಿ ತಜ್ಞರೊಂದಿಗೆ ಸೇರಿಸುವುದು, ತೆಗೆದ ಪಟ್ಟಿಯ ಚಿತ್ರ ಕಳುಹಿಸಿದೊಡನೆ ಅಭಿಪ್ರಾಯ ತಿಳಿಸುವುದು. ಇಷ್ಟೇ ಅದರ ಯಂತ್ರಾಂಗ. ಉಪಗ್ರಹ ಬೇಡ, ಪ್ರತ್ಯೇಕ ಕೊಠಡಿ ಬೇಡ. ಹದಿನಾರು ವರ್ಷಗಳ ಹಿಂದೆ ಸರಗೂರಿಗೆ ಇಸ್ರೋ ಬೇಕಾಗಿದ್ದರೆ, ಈಗ ವೈದ್ಯರ ಜೇಬಿನ ಮೊಬೈಲೇ ಸಾಕಾಯಿತು. ಅದೇ ವರ್ಷ ಗೋವಾ ಸರ್ಕಾರ ಬಾಂಬೋಳಿಯನ್ನು ಕೇಂದ್ರವಾಗಿಟ್ಟುಕೊಂಡು ತನ್ನದೇ ಹೃದಯಾಘಾತ ಜಾಲವನ್ನು ಕಟ್ಟಿತು. ಬೆಂಗಳೂರಿನ ಡಾ. ಚರಿತ್ ಭೋಗರಾಜ್ ಅವರು ಸ್ಥಾಪಿಸಿದ ಟ್ರೈಕಾಗ್ ಸಂಸ್ಥೆ ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಇ.ಸಿ.ಜಿ. ಓದಿಕೊಡುವ ವ್ಯವಸ್ಥೆಯನ್ನು ರೂಪಿಸಿತು.

೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರ್ ನಲವತ್ತಾರನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದದ್ದು ನಾಡಿಗೆ ನಾಡೇ ಎದೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುವಂತೆ ಮಾಡಿತು. ಅವರ ಹೆಸರಿನ 'ಹೃದಯಜ್ಯೋತಿ' ಯೋಜನೆಯನ್ನು ರಾಜ್ಯ ಸರ್ಕಾರ ೨೦೨೩-೨೪ರ ಅವಧಿಯಲ್ಲಿ ಜಾರಿಗೆ ತಂದಿತು. ಜಯದೇವ ಮೊದಲಾದ ಸಂಸ್ಥೆಗಳು ನಡುವಿನ ಕೇಂದ್ರಗಳಾಗಿ, ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳು ಅರಗಳಾಗಿ, ಸುಮಾರು ಮೂವತ್ತು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸನ್ನು ಉಚಿತವಾಗಿ ನೀಡುವುದು ಇದರ ತಿರುಳು. ಶಸ್ತ್ರಕ್ರಿಯೆಗೆ ಹಣ ಕೊಡುತ್ತಿದ್ದ ಸರ್ಕಾರ ಮೊದಲ ಗಂಟೆಗೆ ಹಣ ಕೊಡತೊಡಗಿದ್ದು ಇಲ್ಲಿಂದ. ೨೦೨೫ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿಯಿಂದ ಭೀತರಾದವರು ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದಾಗ, ಡಾ. ಕೆ.ಎಸ್. ರವೀಂದ್ರನಾಥ್ ಅಧ್ಯಕ್ಷತೆಯ ತಜ್ಞರ ಸಮಿತಿ ಈ ಸಾವುಗಳಿಗೂ ಕೋವಿಡ್ ಸೋಂಕು ಅಥವಾ ಲಸಿಕೆಗೂ ನೇರ ಸಂಬಂಧ ಕಾಣುವುದಿಲ್ಲವೆಂದು ವರದಿ ಮಾಡಿತು. ಆರೋಗ್ಯವಂತರು ದೂರದ ದೊಡ್ಡ ಆಸ್ಪತ್ರೆಗೆ ಧಾವಿಸುವುದು, ನೋವಿರುವವರು ಮನೆಯಲ್ಲೇ ಕೂರುವುದು ಇವೆರಡೂ ಒಂದೇ ತಿಳಿವಳಿಕೆಯ ಕೊರತೆಯಿಂದ ಹುಟ್ಟಿದವು.

ಬೇಡಿಕೆ ಮತ್ತು ರಸ್ತೆ

ಜಿಲ್ಲೆಗೊಂದು ಸುಸಜ್ಜಿತ ತುರ್ತುಚಿಕಿತ್ಸಾ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಯುವಜನರು ೨೦೧೯ರಲ್ಲಿ ಟ್ವಿಟರ್‌ನಲ್ಲಿ ಅಭಿಯಾನ ನಡೆಸಿದರು. ಹೆದ್ದಾರಿಯ ಅಪಘಾತಗಳೇ ಅದರ ತಕ್ಷಣದ ಪ್ರೇರಣೆ. ೨೦೨೨ರ ಜುಲೈ ೨೦ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸ್ ಮಳೆನೀರಿನಲ್ಲಿ ಜಾರಿ ಬೈಂದೂರು ತಾಲ್ಲೂಕಿನ ಶಿರೂರು ಟೋಲ್ ಕಟ್ಟೆಗೆ ಬಡಿಯಿತು, ನಾಲ್ವರು ಮೃತಪಟ್ಟರು. ಮುಂಬಯಿ, ಮದರಾಸು ಪ್ರಾಂತಗಳ ಹಳೆಯ ಗಡಿಗೆ ಒತ್ತಿಕೊಂಡೇ ಇರುವ ಊರು ಅದು. ಬೇಡಿಕೆ ಮತ್ತೆ ಭುಗಿಲೆದ್ದು ಬೀದಿಗಿಳಿಯಿತು. ಎರಡು ವರ್ಷಗಳ ಮೇಲೆ ಅಂಕೋಲಾ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ, ೨೦೨೪ರ ಜುಲೈ ೧೬ರಂದು, ಗುಡ್ಡ ಕುಸಿದು ಹೆದ್ದಾರಿಯನ್ನೇ ನುಂಗಿತು. ಆಗಸ್ಟ್ ೭ರ ರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಒಂದೇ ಮಳೆಗಾಲದಲ್ಲಿ ಜಿಲ್ಲೆಯ ಜನರಿಗೆ ತಿಳಿದದ್ದೇನೆಂದರೆ, ಅವರ ಆಸ್ಪತ್ರೆಯ ದಾರಿ ಎಂದು ಬೇಕಾದರೂ ಇಲ್ಲವಾಗಬಹುದು.

ಆಸ್ಪತ್ರೆಯ ಬೇಡಿಕೆ ನ್ಯಾಯವಾದದ್ದು. ತಲೆಗೆ ಪೆಟ್ಟಾದವರಿಗೆ ಸೂಜಿಮದ್ದಿಲ್ಲ. ಔಷಧ ಫಲಿಸದ ಹೃದಯಾಘಾತಕ್ಕೆ ತಂತಿಯೇ ಬೇಕು. ಆದರೆ ಬೃಹತ್ ಕಟ್ಟಡವೊಂದು ಕುಮಟೆಯಲ್ಲೋ ಕಾರವಾರದಲ್ಲೋ ಎದ್ದರೂ ಅಪ್ಸರಕೊಂಡದವರಿಗೆ, ಜೋಯಿಡಾದವರಿಗೆ ಮೊದಲ ಗಂಟೆಯಲ್ಲಿ ಸಿಗುವುದು ತಾಲ್ಲೂಕು ಆಸ್ಪತ್ರೆಯೇ. ರಾತ್ರಿ ಎರಡು ಗಂಟೆಗೆ ಅಲ್ಲಿ ಇ.ಸಿ.ಜಿ. ತೆಗೆಯುವವರು ಇದ್ದಾರೆಯೇ, ಶೀತಪೆಟ್ಟಿಗೆಯಲ್ಲಿ ಔಷಧವಿದೆಯೇ, ಕೊಡಲು ಧೈರ್ಯವಿರುವ ವೈದ್ಯರಿದ್ದಾರೆಯೇ, ಡಿಫಿಬ್ರಿಲೇಟರ್ ಇರುವ ಆಂಬುಲೆನ್ಸ್ ಹೊರಡಲು ಸಿದ್ಧವಿದೆಯೇ ಎಂಬ ನಾಲ್ಕು ಪ್ರಶ್ನೆಗಳು ಶಂಕುಸ್ಥಾಪನೆಯಷ್ಟು ಆಕರ್ಷಕವಲ್ಲವಾದರೂ ಸಾವಿನ ಲೆಕ್ಕ ನಿರ್ಧಾರವಾಗುವುದು ಅವುಗಳಲ್ಲಿ. ೨೦೨೦ರ ಫೆಬ್ರವರಿ ೬ರಂದು ನಲವತ್ತು ದಿನಗಳ ಹಸುಗೂಸೊಂದನ್ನು ಹೃದಯ ಶಸ್ತ್ರಕ್ರಿಯೆಗಾಗಿ ಮಂಗಳೂರಿನಿಂದ ಬೆಂಗಳೂರಿನ ಜಯದೇವಕ್ಕೆ ನಾಲ್ಕೂವರೆ ಗಂಟೆಯೊಳಗೆ ತಲುಪಿಸಿದ ಚಾಲಕನನ್ನು ನಾಡು ಕೊಂಡಾಡಿತು. ದಾರಿಯುದ್ದಕ್ಕೂ ಜನರೇ ನಿಂತು ರಸ್ತೆ ಬಿಡಿಸಿಕೊಟ್ಟಿದ್ದರು. ಆ ಸಾಹಸ ದೊಡ್ಡದು. ಪ್ರತಿದಿನದ ಎದೆನೋವಿಗೆ ಅಂಥ ದಾರಿ ಬಿಡಿಸಲು ಸಾಧ್ಯವಿಲ್ಲವೆಂಬುದೂ ಅಷ್ಟೇ ನಿಜ.

ಇನ್ನುಳಿದ ವಿಳಂಬ ಮನೆಯೊಳಗಿನದು. ಎದೆಯುರಿ, ವಾಯು, ಗ್ಯಾಸ್ಟ್ರಿಕ್ ಎಂಬ ಪದಗಳು ನಮ್ಮಲ್ಲಿ ಎಷ್ಟು ಗಂಟೆಗಳನ್ನು ನುಂಗಿವೆಯೋ ಲೆಕ್ಕವಿಟ್ಟವರಿಲ್ಲ. ಜೀರಿಗೆ ಕಷಾಯ ಕುಡಿದು ಬೆಳಗಾಗಲೆಂದು ಕಾದವರೇ ಹೆಚ್ಚು. ಹೆಂಗಸರಲ್ಲಿ, ಮಧುಮೇಹಿಗಳಲ್ಲಿ ನೋವು ಎದೆಗೆ ಬಾರದೆ ಬೆವರು, ಉಬ್ಬಸ, ಸುಸ್ತುಗಳಾಗಿ ತೋರಬಹುದು. ಮನೆಯವರಷ್ಟೇ ಅಲ್ಲ, ವೈದ್ಯರೂ ಅದನ್ನು ಕಡೆಗಣಿಸುವುದುಂಟು. ಹೃದಯ ನಿಂತು ಕುಸಿದವರ ಎದೆಯನ್ನು ಒತ್ತಲು ಪಕ್ಕದವರಿಗೆ ಬಾರದಿದ್ದರೆ ಮೇಲೆ ಹೇಳಿದ ಯಾವ ಜಾಲವೂ ಉಪಯೋಗಕ್ಕೆ ಬಾರದು; ವಿದ್ಯುದಾಘಾತ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ ಏಳರಿಂದ ಹತ್ತರಷ್ಟು ಇಳಿಯುತ್ತದೆ. ನೆರವಿಗೆ ಬಂದವರನ್ನು ಪೊಲೀಸು, ಕೋರ್ಟುಗಳ ಅಲೆದಾಟದಿಂದ ಕಾಪಾಡುವ ೨೦೧೬ರ ಕಾಯಿದೆ ಕರ್ನಾಟಕದಲ್ಲಿದೆ. ಆ ಕಾಯಿದೆ ಇದೆಯೆಂದು ಹಳ್ಳಿಯ ಅಂಗಡಿಕಟ್ಟೆಯಲ್ಲಿ ತಿಳಿದವರು ವಿರಳ.

ಕಡಲ ಮೇಲಿನವರ ವಿಷಯ ಬೇರೆಯೇ. ಕಾಸರಕೋಡಿನ ಟೊಂಕದಿಂದ, ಭಟ್ಕಳ, ತದಡಿ ಬಂದರುಗಳಿಂದ ಹೊರಟ ದೋಣಿಯಲ್ಲಿ ಎದೆನೋವು ಬಂದರೆ ಮೊದಲ ಗಂಟೆ ನೀರಿನ ಮೇಲೆಯೇ ಕಳೆಯುತ್ತದೆ. ಬಲೆ ಎಳೆದು, ದಡದ ಕಡೆ ತಿರುಗಿ, ಅಳಿವೆಯ ಉಸುಕಿನ ದಿಬ್ಬ ದಾಟಿ ಬರುವಷ್ಟರಲ್ಲಿ ಎರಡನೆಯದೂ ಮುಗಿದಿರಬಹುದು. ರಾಜ್ಯದ ೨೦೨೪-೨೫ರ ಆಯವ್ಯಯದಲ್ಲಿ ಮೀನುಗಾರರಿಗಾಗಿ ಸಮುದ್ರ ಆಂಬುಲೆನ್ಸ್ ಒದಗಿಸುವ ಪ್ರಸ್ತಾವ ಸೇರಿತ್ತು. ಆ ದೋಣಿಗಳಲ್ಲಿ ಸದ್ಯಕ್ಕೆ ಇಡಬಹುದಾದದ್ದು, ೧೯೮೮ರಿಂದ ಫಲ ಗೊತ್ತಿರುವ ಆ ಆಸ್ಪಿರಿನ್ ಗುಳಿಗೆ. ಚಪ್ಪರಿಸದೆ ಅಗಿದು ನುಂಗಬೇಕೆಂಬ ಮಾತಿನೊಂದಿಗೆ.